ಹಿಂದಿನ ಸಾಲಿಗೆ ಕೇಳುವಷ್ಟು ಆವಾಜ್

ಮೈಕ್ ಸೆಟ್ ಜೋಡಿಸುವುದು ದೊಡ್ಡ ವಿದ್ಯೆಯೇನೂ ಅಲ್ಲ. ಮಾತಾಡುವವನ ಬಾಯಿಯ ಹತ್ತಿರ ಒಂದು ಮೈಕು, ಅದರ ವೈರು ಆಂಪ್ಲಿಫೈಯರಿಗೆ, ಆಂಪ್ಲಿಫೈಯರಿನಿಂದ ಎರಡು ವೈರು ಎರಡು ಬಾಕ್ಸಿಗೆ. ಬಾಕ್ಸುಗಳು ಮೈಕಿಗಿಂತ ಮುಂದೆ ಇರಬೇಕು, ಕೇಳುವವರ ಕಡೆ ಮುಖ ಮಾಡಿರಬೇಕು. ಬಾಕ್ಸಿನ ಆವಾಜು ತಿರುಗಿ ಮೈಕಿನೊಳಗೆ ಹೊಕ್ಕಿತೋ, ಅದೇ ಆವಾಜು ಸುತ್ತಿ ಸುತ್ತಿ ಬೆಳೆದು ಕುಂಯ್ ಎಂದು ಕಿವಿ ಹರಿಯುತ್ತದೆ. ಇಷ್ಟೇ. ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಕರಿಹಲಗೆಯ ಮೇಲೆ ಎರಡು ಗೆರೆ ಎಳೆದರೆ ಎಂಥ ದಡ್ಡನಿಗೂ ಇದನ್ನು ತಿಳಿಸಬಲ್ಲೆ. ನಮ್ಮೂರ ಗುಡಿಯಲ್ಲಿ ಮಾತ್ರ, ಶ್ರಾವಣದ ಮೊದಲ ಸೋಮವಾರ ಬರುವತನಕ, ನನ್ನಿಂದ ಇದು ಆಗಲಿಲ್ಲ.

ನಮ್ಮೂರು ಆಳಂದ ತಾಲ್ಲೂಕಿನದು. ಮಾಳಿಗೆ ಹತ್ತಿ ನಿಂತರೆ ಭೂಸನೂರಿನ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣುತ್ತದೆ. ಶ್ರಾವಣ ಹಿಡಿದರೆ ಸಂಜೆಗೆ ಗುಡಿಯಲ್ಲಿ ಶರಣರ ಪುರಾಣ. ಹೇಳುವವನು ನನ್ನ ದೊಡ್ಡಪ್ಪ, ನನ್ನಪ್ಪನ ಅಣ್ಣ. ನನಗೆ ಬರುವ ಕನ್ನಡವೆಲ್ಲ ಅವನ ಮಣೆಯ ಮುಂದೆ ಕುಳಿತು ಕಿವಿಗೆ ಬಿದ್ದದ್ದು. ಪುಸ್ತಕದ ಒಂದು ಪದ್ಯವನ್ನು ರಾಗ ಮಾಡಿ ಓದಿ, ಕನ್ನಡಕವನ್ನು ಹಣೆಗೇರಿಸಿ, "ಅಂದ್ರ ಏನಪಾ ಅಂದ್ರ" ಎಂದು ಅವನು ಶುರು ಮಾಡಿದನೆಂದರೆ, ಆ ಶರಣ ನಮ್ಮ ಓಣಿಯವನೇ ಆಗಿಬಿಡುತ್ತಿದ್ದ. ಅವನ ಹಟ್ಟಿ, ಅವನ ಎಮ್ಮೆ, ಅವನ ಬೀಗರ ಸಿಟ್ಟು, ಎಲ್ಲ ನಮ್ಮವೇ. ವರ್ಷವಿಡೀ ಹೊಲ, ಮನೆ, ಔಷಧ ಎಂದು ಗೊಣಗುತ್ತ ಕೂಡುವ ದೊಡ್ಡಪ್ಪ ಶ್ರಾವಣದ ಹಿಂದಿನ ವಾರವೇ ಧೋತರ ಒಗೆಸಿ, ಕನ್ನಡಕ ಒರೆಸಿ, ಪುಸ್ತಕದ ವಸ್ತ್ರ ಬದಲಿಸಿ ತಯಾರಾಗಿ ಕೂಡುತ್ತಿದ್ದ.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಅವನು ಕೆಮ್ಮಿನಿಂದ ಹಾಸಿಗೆ ಹಿಡಿದ. ಎದ್ದ ಮೇಲೆ ಕಾಲು ಬಂತು, ಊಟ ಸೇರಿತು, ದನಿ ಮಾತ್ರ ತಿರುಗಿ ಬರಲಿಲ್ಲ. ಮಗ್ಗುಲಲ್ಲಿ ಕುಳಿತವರಿಗೆ ಕೇಳುವಷ್ಟು ಉಳಿಯಿತು. ಮುಂದಿನ ಶ್ರಾವಣದಲ್ಲಿ ಹಿಂದಿನ ಗೋಡೆಗೆ ಒರಗಿ ಕೂಡುತ್ತಿದ್ದ ಹೆಂಗಸರು ಕಥೆಯ ನಡುವೆಯೇ ಒಬ್ಬೊಬ್ಬರಾಗಿ ಎದ್ದು ಹೋಗತೊಡಗಿದರು. ಮೊದಲು ಎದ್ದವಳು ಗಿರಣಿ ಆಯಿ. ಹಿಟ್ಟಿನ ಗಿರಣಿಯ ಮನೆಯ ಮುದುಕಿ. ಊರ ಮಗಳು, ಊರಲ್ಲೇ ಸೊಸೆಯಾದವಳು, ದೊಡ್ಡಪ್ಪನ ಜೊತೆ ಮಣ್ಣಲ್ಲಿ ಆಡಿ ಬೆಳೆದವಳು. ಜೀವಮಾನವಿಡೀ ಗಿರಣಿಯ ಸದ್ದಿನಲ್ಲಿ ನಿಂತು ಅವಳ ಕಿವಿಯೂ ಅಷ್ಟಕ್ಕಷ್ಟೇ.

ದೊಡ್ಡಪ್ಪನಿಗೆ ಇದು ಬಹಳ ಹತ್ತಿತು. ಒಂದು ದಿನ ಅವಳನ್ನು ಓಣಿಯಲ್ಲಿ ನಿಲ್ಲಿಸಿ ಕೇಳಿಯೇಬಿಟ್ಟ.

"ಯಾಕ ಬೇ, ದಿನಾ ನಡುವ ಎದ್ದು ಹೋಗಾಕತ್ತಿ?"

"ಮತ್ತೇನ್ ಮಾಡ್ಲಿ? ನಿನ್ನ ಬಾಯಿ ಆಡೂದು ಕಾಣಸ್ತದ. ಮಾತು ಗುಡಿ ನಡುವಿನ ಕಲ್ಲ ಬಸವಣ್ಣನ ತನಕ ಬಂದು ನಿಂತುಬಿಡ್ತದ. ನಾ ಏನು ನಿನ್ನ ಬಾಯಿ ನೋಡಾಕ ಬರ್ತೇನೇನು?"

ಅವಳು ನಕ್ಕು ಹೋದಳು. ದೊಡ್ಡಪ್ಪ ನಗಲಿಲ್ಲ. ಮನೆಗೆ ಬಂದು ನನ್ನ ಮುಂದೆ ಹೇಳಿದ.

"ಬರೂ ಶ್ರಾವಣ ಮೊದಲನೇ ಸೋಮವಾರ ತನಕ ನೋಡ್ತೇನಿ. ಆವತ್ತೂ ಹಿಂದಿನೋರು ಎದ್ದು ಹೋದ್ರಂದ್ರ ಪುಸ್ತಕ ಕಟ್ಟಿ ಗ್ವಾಡಿ ಮಾಡದಾಗ ಇಟ್ಟುಬಿಡ್ತೇನಿ. ಕೇಳಸಲಾರದ ಮಾತು ಯಾರ ಸಲುವಾಗಿ ಹೇಳ್ಲಿ?"

ಅವನು ಸುಮ್ಮನೆ ಹೇಳುವವನಲ್ಲ. ಎಲೆ ಅಡಿಕೆ ಬಿಟ್ಟದ್ದೂ ಹೀಗೆಯೇ, ಒಂದು ಮಾತು ಹೇಳಿ. ಹಾಗಾಗಿ ನಾನು ಆಳಂದಕ್ಕೆ ಹೋದೆ.

ಮೈಕ್ ಸೆಟ್ಟಿನ ದುಕಾನದ ಸಾಹೇಬರು ಕನ್ನಡದಲ್ಲಿ ಉರ್ದು ಬೆರೆಸಿ, ಉರ್ದುವಿನಲ್ಲಿ ಕನ್ನಡ ಬೆರೆಸಿ ಮಾತಾಡುವವರು. ಕೇಳಿದ ಮೊದಲ ಪ್ರಶ್ನೆ:

"ಆವಾಜ್ ಎಲ್ಲಿ ತನಕ ಹೋಗ್ಬೇಕ್ರಿ ಸರ್?"

"ಹಿಂದಿನ ಗ್ವಾಡಿ ತನಕ."

ಸಾಹೇಬರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಗ್ವಾಡಿ ತನಕ?"

"ಹೌದ್ರಿ. ಗುಡಿ ಒಳಗ."

"ಜೇವರ್ಗಿ, ಅಂದೋಲಾ ಕಡಿಂದನೂ ನನ್ನ ಬಲ್ಲಿ ಗಿರಾಕಿ ಬರ್ತಾರ್ರಿ. ಎಲ್ಲಾರೂ ಬಾಜೂ ಊರಿಗೆ ಕೇಳ್ಬೇಕು ಅಂತಾರ. ಗ್ವಾಡಿ ತನಕ ಅಂತ ಬಂದಾವ್ರು ನೀವೇ ಪಹಿಲಾ. ಭಾಳ ಖುಷಿ ಆಯ್ತು ನೋಡ್ರಿ."

ಸಣ್ಣದೊಂದು ಆಂಪ್ಲಿಫೈಯರು, ಎರಡು ಬಾಕ್ಸು, ಒಂದು ಮೈಕು ಕೊಟ್ಟರು. ಬಾಕ್ಸಿನ ವೈರು ಇದ್ದಷ್ಟೇ ಇತ್ತು. ಮೈಕಿನ ವೈರು ಮಾತ್ರ ಸುರುಳಿ ಬಿಚ್ಚಿದರೆ ಮುಗಿಯದಷ್ಟು ಉದ್ದ. ಹೇಳುವವರು ವೇದಿಕೆಯ ಮೇಲೆ ತಿರುಗಾಡುತ್ತಾರೆಂದು ಹಾಗೆಯೇ ಬರುತ್ತದಂತೆ. ಹೊರಡುವಾಗ ಸಾಹೇಬರು ಒಂದೇ ಮಾತು ಹೇಳಿದರು: "ಬಾಕ್ಸ್ ಮುಂದ, ಮೈಕ್ ಹಿಂದ. ಇದೊಂದು ಉಲ್ಟಾ ಆಗಬಾರ್ದು." ನನಗೆ ಒಳಗೊಳಗೇ ನಗು ಬಂತು. ವಿಜ್ಞಾನದ ಮಾಸ್ತರನಿಗೆ ಇದನ್ನು ಹೇಳಬೇಕೇ ಎಂದು.

ಶ್ರಾವಣದ ಮೊದಲ ದಿನ ಸಾಮಾನನ್ನು ಗುಡಿಗೆ ಒಯ್ದೆ. ಗುಡಿಯ ಕಾರಭಾರ ನೋಡುವ ಹಿರಿಯರು ಕಟ್ಟೆಯ ಮೇಲೆ ಕಾಯುತ್ತಿದ್ದರು. ಊರ ಸಂಬಂಧದಲ್ಲಿ ನನಗೆ ಮಾವ. ಒಳ್ಳೆಯ ಮನುಷ್ಯ, ಗುಡಿಯಲ್ಲಿ ಒಂದು ಕಡ್ಡಿ ಅತ್ತಿತ್ತ ಆದರೂ ತಾವೇ ದೇವರಿಗೆ ಉತ್ತರ ಕೊಡಬೇಕೆಂದು ನಂಬಿದವರು. ಗಾಡಿಯಿಂದ ಇಳಿಸಿದ್ದನ್ನೆಲ್ಲ ನೋಡಿದರು.

"ಭೋಂಗಾ ಎಲ್ಲದ ಅಳಿಯಾ?"

ಭೋಂಗಾ ಎಂದರೆ ಗಿಡದ ತುದಿಗೆ ಕಟ್ಟುವ, ದೊಡ್ಡ ಬಾಯಿಯ ತಗಡಿನ ಕೊಳವೆ. ನಮ್ಮ ಕಡೆ ಅದಿಲ್ಲದ ಮೈಕನ್ನು ಯಾರೂ ಮೈಕು ಎಂದು ಒಪ್ಪುವುದಿಲ್ಲ.

"ಭೋಂಗಾ ಬ್ಯಾಡ ಮಾವ. ಒಳಗ ಕುಂತೋರಿಗೆ ಕೇಳಿಸಿದ್ರ ಸಾಕಲ್ರಿ."

"ಒಳಗ ಕುಂತೋರು ಹ್ಯಾಂಗೂ ಒಳಗೇ ಇರ್ತಾರ," ಎಂದರು ಮಾವ.

ಆಮೇಲೆ ಪೂಜೆ. ಹೊಸ ಸಾಮಾನು ಪೂಜೆಯಿಲ್ಲದೆ ಚಾಲೂ ಮಾಡುವುದುಂಟೇ? ಜಮಖಾನೆಯ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟರು. ಪೂಜಾರಿ ಬಾಕ್ಸುಗಳಿಗೆ ಕುಂಕುಮ ಹಚ್ಚಿದರು, ಆಂಪ್ಲಿಫೈಯರಿಗೆ ಹೂ ಏರಿಸಿದರು, ಮೈಕಿನ ಜಾಳಿಗೆಯ ಮೇಲೆ ಮೂರು ಬೆರಳಿನಿಂದ ಹಸಿ ವಿಭೂತಿ ಎಳೆದರು. ಮೈಕು ಅಷ್ಟರಲ್ಲೇ ಅರ್ಧ ಕಿವುಡಾಯಿತು. ನಾನು ಅದನ್ನು ಒರೆಸಲು ಕೈ ಚಾಚಿದ್ದೇ, ಮಾವ ಕಾಯಿ ಒಡೆದು ಎರಡೂ ಹೋಳು ಎತ್ತಿ ನೀರನ್ನು ಆಂಪ್ಲಿಫೈಯರಿನ ಮೇಲೆ ಬಿಟ್ಟರು. ಅದರ ನೆತ್ತಿಯ ಮೇಲೆ ಬಿಸಿ ಹೋಗಲೆಂದು ಸೀಳುಗಳಿವೆ. ಕಾಯಿಯ ನೀರು ಒಂದು ಹನಿ ಹೊರಗೆ ಬೀಳದಂತೆ ಒಳಗಿಳಿಯಿತು.

"ಮಾವ, ನೀರು ಒಳಗ ಹೊಂಟದ್ರಿ."

"ನೀರಲ್ಲ ಅದು, ತೀರ್ಥ."

ತೀರ್ಥವಾದರೂ ಆರಬೇಕಲ್ಲ. ಆ ಸಂಜೆ ಸೆಟ್ ಹಚ್ಚಲು ನನಗೆ ಧೈರ್ಯವಾಗಲಿಲ್ಲ. ಮರುದಿನ ಮುಚ್ಚಳ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಮೋಡ ಬಂದಾಗಲೆಲ್ಲ ಓಡಿ ಹೋಗಿ ಒಳಗೆ ತಂದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೈಕಿನ ವಿಭೂತಿ ಕೆರೆಯುತ್ತ ಕುಳಿತೆ. ಅತ್ತ ದೊಡ್ಡಪ್ಪ ಮೊದಲ ಸಂಜೆ ಬರಿಯ ಬಾಯಿಯಲ್ಲೇ ಹೇಳಿದ್ದ. ಹಿಂದಿನ ಸಾಲು ಖಾಲಿಯಾಗಿತ್ತು. ಅವನು "ಒಣಗ್ತೇನು?" ಎಂದು ಮಾತ್ರ ಕೇಳಿದ.

ಒಣಗಿತು. ಎರಡನೇ ಸಂಜೆ ಜೋಡಿಸಲು ಕುಳಿತಾಗ ನಿಜವಾದ ತ್ರಾಸು ಶುರುವಾಯಿತು.

ಗುಡಿಯೊಳಗಿನ ಜಾಗವನ್ನು ಸ್ವಲ್ಪ ಹೇಳಬೇಕು. ಎದುರಿಗೆ ಗರ್ಭಗುಡಿಯ ಬಾಗಿಲು, ಒಳಗೆ ಲಿಂಗ. ಅದಕ್ಕೆ ಸರಿಯಾಗಿ ಪಡಸಾಲೆಯ ನಡುವೆ ಕಲ್ಲಿನ ಬಸವಣ್ಣ, ಲಿಂಗವನ್ನೇ ನೋಡುತ್ತ. ಬಾಗಿಲಿನ ಎಡಕ್ಕೆ ದೊಡ್ಡಪ್ಪನ ಮಣೆ, ಜನರ ಕಡೆ ಮುಖ. ಕರೆಂಟಿನ ಬೋರ್ಡೂ ಅದೇ ಎಡಗೋಡೆಗೆ. ಎಡಗಡೆ ಗಂಡಸರು ಕೂಡುತ್ತಾರೆ, ಬಲಗಡೆ ಮತ್ತು ಬಸವಣ್ಣನ ಹಿಂದೆ ಗೋಡೆಯ ತನಕ ಹೆಂಗಸರು. ನನ್ನ ಲೆಕ್ಕ ಸರಳ: ಒಂದು ಬಾಕ್ಸು ದೊಡ್ಡಪ್ಪನ ಮುಂದೆ ಎಡಕ್ಕೆ, ಇನ್ನೊಂದು ಬಲಕ್ಕೆ. ಬಲಗಡೆಯ ವೈರನ್ನು ಬಾಗಿಲ ಮುಂದಿನಿಂದ ಎಳೆಯತೊಡಗಿದೆ.

"ಏ ಏ ಏ," ಎಂದರು ಮಾವ. "ದೇವರಿಗೂ ಬಸವಣ್ಣಗೂ ನಡುವ ಹಾಯಾಂಗಿಲ್ಲ."

"ನಾ ಹಾಯಾಂಗಿಲ್ರಿ. ವೈರು ಅಷ್ಟೇ."

"ಮನಿಷ್ಯಾನ ಹಾಯಾಂಗಿಲ್ಲಂದ್ರ ವೈರು ಹಾಯ್ತದೇನು? ಅದರಾಗ ಕರೆಂಟ್ ಬ್ಯಾರೆ."

"ಹಂಗಾದ್ರ ಮ್ಯಾಲಿಂದ, ತೊಲಿಗೆ ಕಟ್ಕೊಂಡು ಹೋಗ್ತೇನ್ರಿ."

"ತಲಿ ಮ್ಯಾಲ ಹಾದ್ರೂ ಹಾದಂಗೇ."

"ಹೊರಗಿಂದ, ಗುಡಿ ಹಿಂದಿಂದ ಸುತ್ತಿ ತರ್ಲ್ಯಾ?"

ಮಾವ ನನ್ನನ್ನು ಕರುಣೆಯಿಂದ ನೋಡಿದರು. ಹಿಂದೆ ಅಭಿಷೇಕದ ನೀರು ಹೊರಗೆ ಬರುವ ತೂಬು ಇದೆ. ಅದನ್ನೂ ದಾಟುವಂತಿಲ್ಲ. ಪ್ರದಕ್ಷಿಣೆ ಹಾಕುವವರೂ ಅಲ್ಲಿಯ ತನಕ ಹೋಗಿ ಹೊಳ್ಳಿ ಬರುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಾನೂ ಹಾಗೇ ಹೊಳ್ಳಿ ಬರುವವನೇ. ವೈರನ್ನು ಕೈಯಲ್ಲಿ ಹಿಡಿದಾಗ ನೆನಪಾಗಲಿಲ್ಲ, ಅಷ್ಟೇ.

ಉಳಿದ ದಾರಿ ಒಂದೇ, ಬಸವಣ್ಣನ ಬೆನ್ನಹಿಂದಿನಿಂದ. ಅಲ್ಲಿಗೆ ವೈರು ಮುಟ್ಟಲಿಲ್ಲ. ಹೋಗಲಿ, ಎರಡೂ ಬಾಕ್ಸನ್ನು ಎಡಗಡೆಯೇ ದೊಡ್ಡಪ್ಪನ ಮುಂದೆ ಇಡೋಣ ಎಂದರೆ, ಗಂಡಸರಿಗೆ ದೇವರು ಕಾಣುವುದಿಲ್ಲವೆಂದು ತಕರಾರು ಬಂತು. ಮಾವ ತಾವೇ ಎರಡೂ ಬಾಕ್ಸು ಎತ್ತಿ ದೊಡ್ಡಪ್ಪನ ಬೆನ್ನಹಿಂದಿನ ಕಲ್ಲಿನ ಗೂಡಿನಲ್ಲಿ, ದೀಪದ ಎರಡು ಕಡೆ ಇಟ್ಟರು. ನೋಡಲು ಬಹಳ ಚಂದ ಕಾಣುತ್ತಿದ್ದವು. ಬಾಕ್ಸು ಹಿಂದೆ, ಮೈಕು ಮುಂದೆ. ಏನಾಗಬಾರದೆಂದು ಸಾಹೇಬರು ಹೇಳಿದ್ದರೋ ಅದೇ.

ದೊಡ್ಡಪ್ಪ ಬಂದು ಕುಳಿತ. ಮುಖದೆದುರಿನ ಮೈಕನ್ನು ಪರಕೀಯರ ಮಗುವನ್ನು ನೋಡುವಂತೆ ನೋಡಿದ. ಪದ್ಯದ ಮೊದಲ ಸಾಲು ಹಿಡಿದ. ಕುಂಯ್ ಎಂದಿತು ನೋಡಿ. ಗುಡಿಯ ಪಾರಿವಾಳಗಳೆಲ್ಲ ಹಾರಿದವು. ನಾನು ಆಂಪ್ಲಿಫೈಯರಿನ ಆವಾಜಿನ ಗುಬ್ಬಿ ತಿರುವಿ ಇಳಿಸಿದೆ. ಅವನು ಮತ್ತೆ ಹಿಡಿದ, ಅದೂ ಮತ್ತೆ ಹಿಡಿಯಿತು.

"ಇದು ನನ್ನ ಮ್ಯಾಲ ಯಾಕ ಚೀರಾಕತ್ತದ?" ಎಂದ.

"ನಿನ್ನ ಮ್ಯಾಲಲ್ಲ ದೊಡ್ಡಪ್ಪಾ. ಬಾಕ್ಸ್ ಹಿಂದವ, ಅದಕ್ಕ. ಇನ್ನಷ್ಟು ಹತ್ರ ಬಾಯಿ ತಾ."

"ಇನ್ನೆಷ್ಟು ತರ್ಲಿ? ನುಂಗ್ಲ್ಯಾ?"

ಚೀರದಷ್ಟು ಇಳಿಸಿದಾಗ ಮೈಕು ಇದ್ದೂ ಇಲ್ಲದಂತಾಯಿತು. ಕೇಳುವಷ್ಟು ಏರಿಸಿದಾಗ ಚೀರಿತು. ಇವೆರಡರ ನಡುವೆ ಒಂದು ಕೂದಲೆಳೆಯಷ್ಟು ಜಾಗವಿತ್ತು. ಅಲ್ಲಿ ಗುಬ್ಬಿ ನಿಲ್ಲಿಸಿ ನಾನು ಉಸಿರು ಹಿಡಿದು ಕುಳಿತರೆ, ದೊಡ್ಡಪ್ಪ ಕನ್ನಡಕ ಹಣೆಗೇರಿಸಲು ತಲೆಯೆತ್ತುತ್ತಿದ್ದ, ಅದು ಮತ್ತೆ ಚೀರುತ್ತಿತ್ತು. ಹಿಂದಿನಿಂದ ಗಿರಣಿ ಆಯಿ ಎದ್ದಳು.

"ಇಷ್ಟು ದಿನ ಏನೂ ಕೇಳಸ್ತಿದ್ದಿಲ್ಲ. ಈಗ ನಾಯಿಮರಿ ಒದರೂದು ಕೇಳಸ್ತದ," ಎಂದು ಸೆರಗು ಹೊದ್ದು ನಡೆದಳು. ಅವಳ ಹಿಂದೆ ಇನ್ನಷ್ಟು ಜನ. ದೊಡ್ಡಪ್ಪ ಆ ಖಾಲಿ ಗೋಡೆಯನ್ನೇ ನೋಡುತ್ತ ಉಳಿದ ಅಧ್ಯಾಯ ಮುಗಿಸಿದ. ನನಗೆ ಆಂಪ್ಲಿಫೈಯರನ್ನು ಎತ್ತಿ ಬಾವಿಗೆ ಹಾಕಬೇಕೆನಿಸಿತ್ತು. ಮಾವ ಮಾತ್ರ ಸಮಾಧಾನದಲ್ಲಿದ್ದರು. "ಹೊಸದದ. ಹೊಂದಿಕೊಂತದ ಬಿಡು," ಎಂದರು, ಮೈಕು ಹೊಸ ಸೊಸೆಯೇನೋ ಎಂಬಂತೆ.

ಮರುದಿನ ಸಾಹೇಬರಿಗೆ ಫೋನು ಮಾಡಿದೆ.

"ಬಾಕ್ಸ್ ಮುಂದ ಇಡ್ರಿ ಸರ್, ಹೇಳಿದ್ದೆನಲ್ಲ."

"ನಡುವ ಬಸವಣ್ಣ ಅದಾನ್ರಿ ಸಾಹೇಬ್ರ."

"ಅದಕ್ಕ ನನ್ನ ಬಲ್ಲಿ ಇಲಾಜ್ ಇಲ್ರಿ. ವೈರು ಬೇಕಾದ್ರ ಬರ್ರಿ, ಕೊಡ್ತೇನಿ."

ಹೋಗಿ ವೈರು ತಂದೆ, ಗಂಟು ಹಾಕಿ ಪಟ್ಟಿ ಸುತ್ತಿದೆ, ಬಸವಣ್ಣನ ಬೆನ್ನ ಹಿಂದಿನಿಂದ ಎಳೆದು ಜಮಖಾನೆಯ ಅಡಿ ಹುದುಗಿಸಿದೆ. ಬಲಗಡೆ ಹೆಂಗಸರ ನಡುವೆ ಒಂದು ಬಾಕ್ಸನ್ನು ಸ್ಟೂಲಿನ ಮೇಲಿಟ್ಟು, ಗೂಡಿನಲ್ಲಿದ್ದ ಇನ್ನೊಂದನ್ನು ತೆಗೆದೇ ಬಿಟ್ಟೆ. ಆ ಸಂಜೆ ಕೇಳಿಸಿತು. ನಿಜವಾಗಿ ಕೇಳಿಸಿತು. ದೊಡ್ಡಪ್ಪನ ತಗ್ಗಿದ ದನಿಯೇ, ಅದೇ ಕೆಮ್ಮಿನ ಗೀರು, ಆದರೆ ಗೋಡೆಯ ತನಕ. ಹಿಂದಿನವರು ಗುಸುಗುಸು ನಿಲ್ಲಿಸಿ ಮುಂದಕ್ಕೆ ಬಾಗಿದರು. ನಾನು ಗುಬ್ಬಿಯಿಂದ ಕೈ ತೆಗೆದು ಹಣೆಯ ಬೆವರು ಒರೆಸಿಕೊಂಡೆ.

ಅವತ್ತಿನ ಅಧ್ಯಾಯದಲ್ಲಿ ಶರಣ ಹುಟ್ಟುವುದಿತ್ತು. ಪುರಾಣದಲ್ಲಿ ಶರಣ ಹುಟ್ಟಿದರೆ ಗುಡಿಯಲ್ಲಿ ಹೆಂಗಸರು ಎದ್ದು ಆರತಿ ಬೆಳಗಬೇಕು, ಜೋಗುಳ ಹಾಡಬೇಕು. ನನಗೆ ಅದು ಹೊಳೆದಿರಲಿಲ್ಲ. ಎಲ್ಲರೂ ಒಮ್ಮೆಲೇ ಎದ್ದರು. ಯಾರದೋ ಕಾಲಿಗೆ ಜಮಖಾನೆ ಸಿಕ್ಕಿತು, ಜಮಖಾನೆಗೆ ವೈರು, ವೈರಿಗೆ ಬಾಕ್ಸು. ಸ್ಟೂಲಿನಿಂದ ಬಾಕ್ಸು ಮುಖ ಕೆಳಗಾಗಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆರತಿಯೂ ಆರಲಿಲ್ಲ. ಆದರೂ ಶರಣ ಹುಟ್ಟಿದ ಹೊತ್ತಿಗೆ ಹಿಂಗಾಗಬಾರದಿತ್ತೆಂದು ಮಾವನ ಮುಖ ಕಪ್ಪಿಟ್ಟಿತು.

"ಇನ್ನ ಹೆಂಗಸರ ಕಾಲಾಗ ವೈರು ಬ್ಯಾಡ. ನಾಳಿಂದ ನಾ ನೋಡ್ಕೋತೇನಿ," ಎಂದರು.

ನೋಡಿಕೊಂಡರು. ಅಟ್ಟದ ಮೇಲಿದ್ದ ಹಳೆಯ ಭೋಂಗಾಗಳನ್ನು ಇಳಿಸಿ, ಹಳೆಯ ಆಂಪ್ಲಿಫೈಯರ್ ಮಷಿನ್ ಸಮೇತ ತಂದು, ಹೊರಗಿನ ಬೇವಿನ ಗಿಡಕ್ಕೆ ಕಟ್ಟಿಸಿದರು. ಒಂದರ ಬಾಯಿ ಭೂಸನೂರಿನ ಕಡೆ, ಇನ್ನೊಂದರದು ಹೊಲಗಳ ಕಡೆ. ಒಳಗೆ ಕುಳಿತವರಿಗೆ ದೊಡ್ಡಪ್ಪನ ದನಿ ಹೊರಗೆಲ್ಲೋ ಸುತ್ತಾಡಿ, ತಡವಾಗಿ, ಯಾರದೋ ಮನೆಯ ಗೋಡೆಗೆ ಬಡಿದು ಮರಳುತ್ತಿತ್ತು. ಅವನು ಒಂದು ಮಾತು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಮಾತು ಬಂದು ಅದರ ಮೇಲೆ ಬೀಳುತ್ತಿತ್ತು. ತನ್ನ ಮಾತೇ ತನಗೆ ಅಡ್ಡ ಬಂದು ಅವನು ತೊದಲಿದ. ಅವನು ತೊದಲಿದ್ದನ್ನು ನಾನು ನೋಡಿದ್ದೇ ಅವತ್ತು. ಹಿಂದಿನವರು ಎದ್ದು ಹೋದದ್ದನ್ನು ಬೇರೆ ಹೇಳಬೇಕಿಲ್ಲ.

ಮರುದಿನ ಬೆಳಿಗ್ಗೆ ದೂರದ ಹೊಲದ ಒಬ್ಬ ರೈತ ಸೈಕಲ್ ಮೋಟರ್ ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತಿದ್ದ ದೊಡ್ಡಪ್ಪನ ಕಾಲು ಮುಟ್ಟಿದ.

"ಭಾಳ ಖುಲ್ಲಾ ಕೇಳಸ್ತು ನೋಡು ಮುತ್ಯಾ ನಿನ್ನಿ. ಕಬ್ಬಿಗೆ ನೀರು ಬಿಡಾಕತ್ತಿದ್ದೆ. ಪೂರಾ ಅಧ್ಯಾಯ ಕೇಳಿದೆ."

"ಚಲೋ ಆಯ್ತಪಾ," ಎಂದ ದೊಡ್ಡಪ್ಪ. ಅವನು ಹೋದ ಮೇಲೆ ನನ್ನ ಕಡೆ ತಿರುಗಿದ. "ಗುಡ್ಯಾಗ ಕುಂತೋರಿಗೆ ಕೇಳಸಿಲ್ಲ, ಕಬ್ಬಿಗೆ ಕೇಳಸ್ಯದ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ನಗಲಿಲ್ಲ. "ಇವತ್ತ ಸೋಮವಾರ," ಎಂದು ಎದ್ದು ಒಳಗೆ ಹೋದ.

ಸಂಜೆ ಗುಡಿ ತುಂಬಿತು. ಉಪವಾಸ ಇದ್ದವರು, ಇಲ್ಲದವರು, ತವರಿಗೆ ಬಂದ ಹೆಣ್ಣುಮಕ್ಕಳು. ಹಿಂದಿನ ಗೋಡೆಯ ತನಕ ಹೆಂಗಸರು ಒತ್ತಿ ಕುಳಿತಿದ್ದರು, ನಡುವೆ ಗಿರಣಿ ಆಯಿ. ನಾನು ಭೋಂಗಾದ ವೈರು ಕಿತ್ತು, ನನ್ನ ಸೆಟ್ಟನ್ನೇ ಮತ್ತೆ ತಂದಿದ್ದೆ. ಮಾವ ಬಾಕ್ಸುಗಳನ್ನು ಗೂಡಿನಲ್ಲಿ ಇಟ್ಟರು. ನಾನು ಕೆಳಗಿಳಿಸಿದೆ. ಅವರು ಮತ್ತೆ ಇಟ್ಟರು.

"ಮಾವ, ಇಲ್ಲಿ ಇಟ್ರ ಚೀರ್ತದ. ಎಷ್ಟು ಸಲ ಹೇಳ್ಲಿ?"

"ಅಲ್ಲಿಟ್ರ ಅಡ್ಡ ಆಗ್ತದ. ನಾ ಎಷ್ಟು ಸಲ ಹೇಳ್ಲಿ?"

"ಇವತ್ತ ಕೇಳಸಲಿಲ್ಲಂದ್ರ ದೊಡ್ಡಪ್ಪ ಪುರಾಣ ಬಿಡ್ತಾನ. ಗೊತ್ತದನ್ರಿ ನಿಮಗ?"

"ಅವ ಬಿಟ್ರ ದೇವರು ಸಿಟ್ಟಾಗಾಂಗಿಲ್ಲ. ವೈರು ಹಾದ್ರ ಆಗ್ತಾನ."

ಇಡೀ ಗುಡಿ ನಮ್ಮಿಬ್ಬರನ್ನೇ ನೋಡುತ್ತಿತ್ತು. ವಯಸ್ಸಾದ ಇಬ್ಬರು ಗಂಡಸರು ಒಂದು ಪೆಟ್ಟಿಗೆಯ ಎರಡು ತುದಿ ಹಿಡಿದು ನಿಂತಿದ್ದೆವು. ದೊಡ್ಡಪ್ಪ ಮಣೆಯ ಮೇಲೆ ಕುಳಿತು ಪುಸ್ತಕ ಬಿಚ್ಚಿರಲಿಲ್ಲ. ವಸ್ತ್ರದ ಗಂಟಿನ ಮೇಲೆ ಕೈ ಇಟ್ಟುಕೊಂಡಿದ್ದ. ಆಗ ಹಿಂದಿನಿಂದ ಗಿರಣಿ ಆಯಿಯ ದನಿ ಬಂತು. ಕಿವಿ ಮಂದವಾದವರ ದನಿಗೆ ಮೈಕು ಬೇಕಾಗುವುದಿಲ್ಲ.

"ಏ ಮಾಸ್ತರಾ, ಪೆಟಿಗಿ ಇಲ್ಲಿ ಬರಾಂಗಿಲ್ಲಂದ್ರ ಮುದುಕನ್ನ ಕಳಸು. ಅವಗೇನು ಕರೆಂಟ್ ಅದೇನು?"

ಹೆಂಗಸರು ನಕ್ಕರು. ನಾನು ಪೆಟ್ಟಿಗೆ ಬಿಟ್ಟೆ. ದೊಡ್ಡಪ್ಪ ಅವಳ ಕಡೆ ನೋಡಿದ, ನನ್ನ ಕಡೆ ನೋಡಿದ, ಪುಸ್ತಕವನ್ನು ಎದೆಗೆ ಒತ್ತಿ ಎದ್ದ. ಎಡಗೋಡೆಯ ಗುಂಟ, ಗಂಡಸರ ಹಿಂದಿನಿಂದ, ಬಸವಣ್ಣನ ಬೆನ್ನು ಬಳಸಿ, ನಿಧಾನವಾಗಿ ಹಿಂದಿನ ಗೋಡೆಯ ತನಕ ನಡೆದ. ಹೆಂಗಸರು ಸರಿದು ಜಾಗ ಬಿಟ್ಟರು. ಯಾರೋ ಮಣೆ ತಂದು ಹಾಕಿದರು. ಅವನು ದೇವರ ಕಡೆ ಮುಖ ಮಾಡಿ ಕುಳಿತ.

ಅವನು ನಡೆದ ದಾರಿಯಲ್ಲೇ ನಾನು ಮೈಕಿನ ವೈರು ಬಿಚ್ಚುತ್ತ ಹೋದೆ. ಗೋಡೆಯ ಗುಂಟ ಹೋದರೂ ಮುಟ್ಟಿ ಮಿಕ್ಕಿತು. ಯಾರನ್ನೂ ಹಾಯಲಿಲ್ಲ, ಯಾವುದನ್ನೂ ದಾಟಲಿಲ್ಲ. ಬಾಕ್ಸುಗಳು ಮಾವ ಇಟ್ಟ ಗೂಡಿನಲ್ಲೇ ಉಳಿದವು. ಈಗ ಅವು ಮೈಕಿನಿಂದ ಬಹಳ ದೂರ, ಮೈಕಿನ ಬೆನ್ನಿಗೆ. ಗುಬ್ಬಿ ಏರಿಸಿದೆ. ಚೀರಲಿಲ್ಲ. ಇನ್ನೂ ಏರಿಸಿದೆ. ಚೀರಲಿಲ್ಲ.

ಮಾವ ಸುಮ್ಮನಿರಲಿಲ್ಲ. "ಹೇಳಾವ ಹಿಂದ ಕುಂತ್ರ ನಾವು ಅವನ ಕಡಿ ಹೊಳ್ಳಿ ದೇವರಿಗೆ ಬೆನ್ನು ಮಾಡೂದೇನು?"

"ಹೊಳ್ಳಬ್ಯಾಡ್ರಿ," ಎಂದ ದೊಡ್ಡಪ್ಪ ಹಿಂದಿನಿಂದ, ಮೈಕಿನಲ್ಲಿ. "ನೀವು ದೇವರನ್ನ ನೋಡ್ರಿ. ಮಾತು ಆ ಕಡಿಂದನೇ ಬರ್ತದ."

ಬಂತು. ಎದುರಿನ ಗೂಡಿನಿಂದ ಅವನ ದನಿ ಬಂದಾಗ ಮುಂದಿನ ಸಾಲಿನ ಗಂಡಸರು ಗಲಿಬಿಲಿಗೊಂಡರು. ಹೇಳುವವನ ಮುಖ ಕಾಣದೆ ಅವರಿಗೆ ತಲೆದೂಗಲೂ ಬರಲಿಲ್ಲ, ಹೂಂಗುಟ್ಟಲೂ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೆಲವರು ಕಟ್ಟೆಗೆ ಎದ್ದು ಹೋದರು. ಮಾವ ಹೋಗಲಿಲ್ಲ, ಕುತ್ತಿಗೆಯನ್ನು ಅರ್ಧ ಆ ಕಡೆ, ಅರ್ಧ ಈ ಕಡೆ ತಿರುಗಿಸಿಕೊಂಡು ಸಿಟ್ಟಿನಿಂದ ಕುಳಿತರು. ಎದ್ದುಹೋದವರನ್ನು ದೊಡ್ಡಪ್ಪ ನೋಡಿದನೋ ಇಲ್ಲವೋ ಗೊತ್ತಿಲ್ಲ. ಅವನಿಗೆ ಬೇರೊಂದು ಗಂಟು ಬಿದ್ದಿತ್ತು.

ಅವತ್ತಿನ ಕಥೆಯಲ್ಲಿ ಶರಣನ ಮನೆಗೆ ಜಂಗಮ ಬಂದು ಇದ್ದೊಂದು ಆಕಳನ್ನು ಬೇಡುತ್ತಾನೆ. ಶರಣ ಬಿಚ್ಚಿ ಕೊಡುತ್ತಾನೆ. "ಅಂದ್ರ ಏನಪಾ ಅಂದ್ರ," ಎಂದ ದೊಡ್ಡಪ್ಪ, "ಹೇಣ್ತಿ ಒಂದು ಮಾತು ಆಡಲಿಲ್ಲ. ಸುಮ್ಮನ ಬಾಗಲಾಗ ನಿಂತು ಕೈ ಮುಗದ್ಲು."

"ಏನಂದಿ?" ಎಂದಳು ಮಗ್ಗುಲಲ್ಲೇ ಇದ್ದ ಗಿರಣಿ ಆಯಿ.

"ಸುಮ್ಮನ ನಿಂತ್ಲು ಅಂದೆ."

"ಸುಮ್ಮನ? ಕರಾ ಇದ್ದ ಆಕಳ ಕೊಟ್ರ ಯಾಕಿ ಸುಮ್ಮನ ನಿಂತಾಳು? ನಮ್ಮವ್ವ ಹೇಳೂದ್ರಾಗ ಆಕಿ ಗಂಡನ ಕೂಡ ದೊಡ್ಡ ಜಗಳಾ ತಗದಾಳ."

ಅವಳ ಬಾಯಿಯೂ ಮೈಕಿಗೆ ಹತ್ತಿರವೇ ಇತ್ತು. ಮಾತು ಗೂಡಿನಿಂದ ಇಡೀ ಗುಡಿಗೆ ಬಂತು. ಮಾವ ಹೌಹಾರಿ ಬಾಕ್ಸಿನ ಕಡೆ ನೋಡಿದರು.

"ಪುಸ್ತಕದಾಗ ಹಂಗ ಇಲ್ಲ," ಎಂದ ದೊಡ್ಡಪ್ಪ.

"ಪುಸ್ತಕ ಬರದಾವ ನಮ್ಮಂಗ ಗ್ವಾಡಿ ಹತ್ರ ಕುಂತಿರಬೇಕು. ಆಕಿ ಅಂದದ್ದು ಅವಗ ಕೇಳಸಿಲ್ಲ."

ಹೆಂಗಸರ ಕಡೆ ನಗು ಎದ್ದಿತು. ದೊಡ್ಡಪ್ಪ ಪುಟ ಹಿಂದೆ ತಿರುವಿದ, ಮುಂದೆ ತಿರುವಿದ, ಪದ್ಯವನ್ನು ಮತ್ತೊಮ್ಮೆ ರಾಗ ಮಾಡಿ ಓದಿ ತೋರಿಸಿದ. ಅವಳು ಒಪ್ಪಲಿಲ್ಲ. ಇನ್ನೊಬ್ಬಳು ತನ್ನ ಅತ್ತೆಯೂ ಜಗಳವಾಯಿತೆಂದೇ ಹೇಳುತ್ತಿದ್ದಳೆಂದಳು. ಮತ್ತೊಬ್ಬಳು ಜಗಳವಲ್ಲ, ಅತ್ತಳು ಅಂದಳು. ಎರಡು ಪದ್ಯ ದಾಟುವಷ್ಟರಲ್ಲಿ ಮಂಗಳಾರತಿಯ ಹೊತ್ತಾಯಿತು. ನಾನು ಆ ತುದಿಯಲ್ಲಿ ಆಂಪ್ಲಿಫೈಯರಿನ ಗುಬ್ಬಿ ಹಿಡಿದು ಕುಳಿತು, ಯಾರ ದನಿ ಏರಿಸಬೇಕು, ಯಾರದು ಇಳಿಸಬೇಕು ತಿಳಿಯದೆ ಒದ್ದಾಡಿದೆ. ಒಂದೇ ಮೈಕು, ಒಂದೇ ಗುಬ್ಬಿ. ಇಷ್ಟೆಲ್ಲ ಬಡಿದಾಡಿ ಕೇಳಿಸಿದ್ದು ಪುರಾಣವಲ್ಲ, ತಕರಾರು. ಈ ಲೆಕ್ಕದಲ್ಲಿ ಶ್ರಾವಣ ಮುಗಿದರೂ ಆ ಆಕಳು ಶರಣನ ಹಟ್ಟಿ ಬಿಟ್ಟು ಹೊರಡುವುದಿಲ್ಲ ಎನಿಸಿತು. ಆದರೆ ಹಿಂದಿನ ಗೋಡೆಯ ಹತ್ತಿರ ಒಬ್ಬರೂ ಎದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಚಹಾ ಕುಡಿಯುವಷ್ಟರಲ್ಲಿ ದೊಡ್ಡಪ್ಪ ಪುಸ್ತಕ ಹಿಡಿದುಕೊಂಡೇ ನಮ್ಮ ಮನೆಗೆ ಬಂದ. ವಸ್ತ್ರ ಬಿಚ್ಚಿತ್ತು. ಪುಟಗಳ ನಡುವೆ ಜೋಳದ ದಂಟಿನ ಸಿಬಿರುಗಳನ್ನು ಗುರುತಿಗೆ ಇಟ್ಟಿದ್ದ. ಪಡಸಾಲೆಯ ಬೆಳಕಿಗೆ ಕುಳಿತು, ಮೂಗು ಹಾಳೆಗೆ ತಾಗುವಂತೆ ಬಗ್ಗಿ ಹುಡುಕಿದ.

"ಇಲ್ಲ. ಎಲ್ಲೂ ಇಲ್ಲ ಜಗಳಾ. ಸುಳ್ಳ ಹೇಳ್ಯಾಳ ಆ ಮುದುಕಿ. ಅವರವ್ವನೂ ಹಂಗೇ ಇದ್ಲು, ಬಾಯಿ ಮಾಡಾಕಿ."

"ಹೋಗ್ಲಿ ಬಿಡು ದೊಡ್ಡಪ್ಪಾ."

"ಹ್ಯಾಂಗ ಬಿಡ್ಲಿ? ಇಡೀ ಊರಿಗೆ ಕೇಳಸ್ಯಾಳ. ಇವತ್ತ ಮೂರು ಅಧ್ಯಾಯದಾಗಿಂದು ತಗದು ಉತ್ರ ಕೊಡ್ತೇನಿ." ಒಂದು ಸಿಬಿರನ್ನು ಇನ್ನೊಂದು ಪುಟಕ್ಕೆ ಸರಿಸಿದ. "ನೀ ಲಗೂ ಹೋಗಿ ವೈರು ಹಾಸು. ಆಕಿ ಬರೂದ್ರಾಗ ನಾ ಕುಂತಿರಬೇಕು. ಮತ್ತ ಮೈಕ್ ಜರಾ ನನ್ನ ಕಡಿ ವಾಲಿಸಿ ಇಡು."